ಎಡಕ್ಕೆ ಕೆಂಪು, ಬಲಕ್ಕೆ ಬಿಳಿ

ಮಾರ್ಚ್ 6, ಸೋಮವಾರ

ಇವತ್ತೂ ಎರಡು ಸೈಲೆನ್ಸರ್ ವೆಲ್ಡಿಂಗ್. ಜೊತೆಗೆ ಯಾರದೋ ಮನೆಯ ಗೇಟು. ಕಾರಿನ ಗ್ಯಾರೇಜಿಗೆ ಗೇಟು ಯಾಕೆ ಬರುತ್ತದೋ ದೇವರೇ ಬಲ್ಲ. ಅಣ್ಣ ಕುರ್ಚಿಯಲ್ಲಿ ಕೂತೇ ಊರಿಗೆಲ್ಲ ಹೂಂ ಅಂದುಬಿಡುತ್ತಾನೆ.

ಮಧ್ಯಾಹ್ನ ಇಂಜಿನ್ ಹದ ಮಾಡುವ ಟ್ಯೂನರ್ ಫೋನು. ಶನಿವಾರ ಹತ್ತರಿಂದ ಹನ್ನೆರಡು, ಇಂಜಿನ್ ಶಕ್ತಿ ಅಳೆಯುವ ಅವನ ಡೈನೋ ಯಂತ್ರ ಖಾಲಿ. ತಪ್ಪಿದರೆ ಎರಡು ತಿಂಗಳು ಕಾಯಬೇಕು. ಒಂದೇ ಶರತ್ತು — ಎರಡೂ ಆಕ್ಸಿಜನ್ ಸೆನ್ಸರ್ ಹೊಸದಾಗಿರಬೇಕು. "ಹಳೇದನ್ನ ಇಟ್ಕೊಂಡು ನನ್ನ ರೋಲರ್ ಹತ್ತಿಸ್ಬೇಡಿ. ಮುದುಕರ ಮೂಗು ಅದು. ವಾಸನೆ ಬರೋಷ್ಟರಲ್ಲಿ ಹಾಲು ಸೀದಿರುತ್ತೆ."

ಸರಿಯಾದ ಮಾತೇ. ಇಂಜಿನ್ನಿನ ಹೊಗೆ ಮೂಸಿ, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಅಂತ ಕಂಪ್ಯೂಟರಿಗೆ ಹೇಳುವುದು ಸೆನ್ಸರ್. ಡೈನೋ ಮೇಲೆ ಕಾರು ನಿಂತಲ್ಲೇ ಪೂರ್ತಿ ವೇಗದಲ್ಲಿ ಓಡುತ್ತದೆ. ಅಲ್ಲಿ ಮೂಗು ಸುಳ್ಳು ಹೇಳಿದರೆ ಪಿಸ್ಟನ್ ಕರಗುತ್ತದೆ.

ಅಣ್ಣನ ಕಾರಿನ ಈ ಇಂಜಿನ್ ಕರಗಬಾರದು. ಎಡಕ್ಕೆ ಮೂರು, ಬಲಕ್ಕೆ ಮೂರು, ಆರು ಸಿಲಿಂಡರ್. ಅಷ್ಟು ಚಿಕ್ಕ ಕಾರಿಗೆ ಅಷ್ಟು ದೊಡ್ಡದನ್ನು ಕೂರಿಸಲು ಅಣ್ಣನಿಗೆ ಆರು ವರ್ಷ ಹಿಡಿಯಿತು. ಆಮೇಲೆ ಭುಜದ ನರ ಹೋಯಿತು. ಎರಡು ವರ್ಷದಿಂದ ಬಲಗೈಯಲ್ಲಿ ಹಿಡಿತವಿಲ್ಲ, ಸ್ಪ್ಯಾನರ್ ಹಿಡಿದರೆ ಜಾರುತ್ತದೆ. ಇನ್ನೊಂದು ಕಟ್ಟೋಣವೆಂದರೆ ಅವನಿಗೆ ಕೈಯಿಲ್ಲ.

"ಸೆನ್ಸರ್ ನಿಮ್ಮತ್ತಿಗೆ ಹಾಕ್ಲಿ. ವಯರು ನೀನು ನೋಡ್ಕೋ" ಅಂದ.

ಹದಿನೆಂಟು ವರ್ಷದಿಂದ ವೆಲ್ಡಿಂಗ್ ಮಾಡುವವನಿಗೆ ವಯರು. ಎರಡು ವರ್ಷದ ಹಿಂದಿನವರೆಗೂ ಕೋಟು ಹೊಲಿಯುತ್ತಿದ್ದ ಅತ್ತಿಗೆಗೆ ಇಂಜಿನ್. ಬಾಯಲ್ಲಿ ಹೂಂ ಅಂದೆ. ಮುಖ ಏನಂದಿತೋ ಗೊತ್ತಿಲ್ಲ.

ಮಾರ್ಚ್ 7, ಮಂಗಳವಾರ

ಎಡಗಡೆಯ ಹಳೇ ಸೆನ್ಸರ್ ಸಲೀಸಾಗಿ ಬಂತು. ಬಲಗಡೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾನಾಗಿದ್ದರೆ ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಉದ್ದ ರಾಡು ಹಾಕಿ, ದೇವರ ಮೇಲೆ ಭಾರ ಹಾಕಿ ಎಳೆಯುತ್ತಿದ್ದೆ.

ಅತ್ತಿಗೆ ಹತ್ತು ನಿಮಿಷ ಇಂಜಿನ್ ಓಡಿಸಿದರು. ನಿಲ್ಲಿಸಿದರು. ತುಕ್ಕಿನ ಎಣ್ಣೆ ಸ್ಪ್ರೇ ಮಾಡಿ, ಸ್ಟೂಲ್ ಮೇಲೆ ಕೂತು ಟೀ ಕುಡಿದರು! ಆಮೇಲೆ ಸೀಳು ಸಾಕೆಟ್ — ಸೆನ್ಸರಿನ ವಯರಿಗೆ ಸಂದು ಬಿಟ್ಟ ಪಾನಾ — ಹಾಕಿ ಕಾಲು ಸುತ್ತು ಬಿಚ್ಚಿದರು. ಮತ್ತೆ ಒಳಕ್ಕೆ ತಿರುಗಿಸಿದರು. ಮತ್ತೆ ಎಣ್ಣೆ. ಮತ್ತೆ ಕಾಲು ಸುತ್ತು.

"ಬಿಚ್ಚೋದು ಬಿಟ್ಟು ವಾಪಸ್ ಯಾಕೆ ಬಿಗೀತೀರಿ ಅತ್ತಿಗೆ?"

"ಹೊಲಿಗೆ ಬಿಚ್ಚೋದೂ ಹೀಗೇನೇ. ಒಂದೇ ಸಲ ಎಳೆದ್ರೆ ದಾರ ಬರಲ್ಲ, ಬಟ್ಟೆ ಬರುತ್ತೆ."

ಒಂದು ಗಂಟೆ ಹತ್ತು ನಿಮಿಷ. ಸೆನ್ಸರ್ ಕೈಗೆ ಬಂತು. ಪೈಪಿನ ತಿರುಪಿನ ಮರೆಗೆ ಒಂದು ಗೀರಿಲ್ಲ. ನಾನು ಕೈ ಹಾಕಿದ್ದರೆ ಈ ಹೊತ್ತಿಗೆ ಆ ಪೈಪು ಕತ್ತರಿಸಿ ಮತ್ತೆ ವೆಲ್ಡ್ ಮಾಡುತ್ತಾ ಕೂತಿರುತ್ತಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅಮ್ಮ ಹೇಳುತ್ತಿದ್ದುದು ನನ್ನನ್ನು ನೋಡಿಯೇ.

ಹೊಸದನ್ನು ಡಬ್ಬಿಯಿಂದ ತೆಗೆಯಲು ಹೋದೆ. ಕೈ ಮೇಲೆ ಏಟು ಬಿತ್ತು.

"ಗ್ರೀಸ್ ಕೈಲಿ ತುದಿ ಮುಟ್ತೀಯಾ? ಕಣ್ಣಿಗೆ ಬೆರಳು ಹಾಕ್ದಂಗೆ ಅದು."

ಬೆರಳಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚ್. ಟಕ್. ಅಷ್ಟೇ. ಅದರ ಮೇಲೆ ಇನ್ನೊಂದು ಚೂರು ಬಿಗಿಯುವ ಚಪಲವೇ ಇಲ್ಲ. ಒಪ್ಪಿಕೊಳ್ಳಬೇಕು… ಕೈ ಅಂದರೆ ಅದು. ಹೊಟ್ಟೆ ಉರಿಯಿತು, ನೋಡುತ್ತಾ ನಿಂತೂ ನಿಂತೆ.

ಮಾರ್ಚ್ 8, ಬುಧವಾರ

ನನ್ನ ಪಾಲಿನ ಕೆಲಸ. ಈ ಇಂಜಿನ್ನಿಗೆ ನಾನು ಮಾಡಿದ ಹೊಗೆ ಪೈಪು ಉದ್ದ. ಸೆನ್ಸರ್ ಕೆಳಗಿದೆ, ಹೊಸದರ ಗಿಡ್ಡ ವಯರಿಗೆ ಕಾರಿನ ವಯರು ಮುಟ್ಟುವುದಿಲ್ಲ. ಕಾರಿನಿಂದ ಬರುವ ಎರಡಕ್ಕೂ ವಯರು ಸೇರಿಸಿ ಉದ್ದ ಮಾಡಿದೆ. ಪ್ಲಗ್ ಎರಡೂ ಒಂದೇ ತರಹ, ಅವಳಿ ಮಕ್ಕಳು. ಅದಲುಬದಲಾಗದಿರಲಿ ಅಂತ ಟೇಪ್ ಸುತ್ತಿದೆ. ಎಡಕ್ಕೆ ಕೆಂಪು, ಬಲಕ್ಕೆ ಬಿಳಿ. ಬಾನೆಟ್ ಮುಂದೆ ನಿಂತಲ್ಲೇ ನಲವತ್ತು ನಿಮಿಷದಲ್ಲಿ ಮುಗಿಸಿದೆ. ಗೇಟಿನವನು ಬಂದು ತಲೆ ತಿನ್ನುತ್ತಿದ್ದ.

ಅತ್ತಿಗೆ ಕಾರಿನ ಕೆಳಗೆ ಮಲಗಿ, "ಯಾವುದು ಯಾವ ಕಡೆ?" ಅಂದರು. "ಕೆಂಪು ಎಡ" ಅಂದೆ. ಸಿಕ್ಕಿಸಿದರು. ಒಂದು ನಿಮಿಷ ಓಡಿಸಿ ನಿಲ್ಲಿಸಿದೆವು. ಎಚ್ಚರಿಕೆ ಲೈಟ್ ಇಲ್ಲ. ಅಣ್ಣ ಮೂರು ಸಲ ಡ್ಯಾಶ್‌ಬೋರ್ಡ್ ಬಗ್ಗಿ ನೋಡಿದ.

ಮಾರ್ಚ್ 11, ಶನಿವಾರ. ಸಂಜೆ 5

ಡೈನೋ ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ.

ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಬೆಲ್ಟ್ ಬಿಗಿದರು. ಇಂಜಿನ್ ಬಿಸಿಯಾಯಿತು. ಪರದೆಯ ಮೇಲೆ ಎರಡು ಗೆರೆ, ಎಡದ ಸೆನ್ಸರ್‌ಗೊಂದು, ಬಲದ್ದಕ್ಕೊಂದು. ಟ್ಯೂನರ್ ಕಿವಿಗೆ ಮಫ್ ಏರಿಸಿ, ಇನ್ನೇನು ಎಕ್ಸಲರೇಟರ್ ತುಳಿಯಬೇಕು. ಅತ್ತಿಗೆ ಕೈ ಎತ್ತಿದರು.

"ಒಂದ್ನಿಮಿಷ. ಎಡಗಡೆ ಒಂದು ಇಂಜೆಕ್ಟರ್ ಪ್ಲಗ್ ತೆಗೀತೀನಿ. ಆ ಕಡೆ ಪೆಟ್ರೋಲ್ ಕಡಿಮೆ ಆಗಿ ಎಡದ ಗೆರೆ ಏಳ್ಬೇಕು. ಯಾವ ಗೆರೆ ಏಳುತ್ತೆ ನೋಡೋಣ."

"ಮೇಡಂ, ಇರೋದೇ ಎರಡು ಗಂಟೆ."

"ಅದ್ರಲ್ಲಿ ಎರಡು ನಿಮಿಷ ನಂಗೆ ಕೊಡಿ."

ನಾನೂ ಬಾಯಿ ಹಾಕಿದೆ. "ಬಿಡಿ ಅತ್ತಿಗೆ, ಎಲ್ಲ ಸರಿಯಾಗಿದೆ." ಅವರು ನನ್ನತ್ತ ನೋಡಲೂ ಇಲ್ಲ. ಪ್ಲಗ್ ಎಳೆದರು.

ಎದ್ದದ್ದು ಬಲದ ಗೆರೆ.

ಟ್ಯೂನರ್ ಮಫ್ ತೆಗೆದು ಮೇಜಿನ ಮೇಲಿಟ್ಟ. ಒಂದು ಕಡೆಯ ಮೂಗಿನ ಮಾತು ಕೇಳಿ ಇನ್ನೊಂದು ಕಡೆಗೆ ಪೆಟ್ರೋಲ್ ಅಳೆಯುತ್ತಿತ್ತು ಕಂಪ್ಯೂಟರ್. "ಹೀಗೇ ತುಳಿದಿದ್ರೆ…" ಅಂದವನು ಅಣ್ಣನ ಮುಖ ನೋಡಿದ. ಅಣ್ಣ ಎಡಗೈಯಲ್ಲಿ ಬಲಗೈ ಹಿಡಿದುಕೊಂಡಿದ್ದ.

ನನಗೆ ಆಗಲೇ ಹೊಳೆಯಿತು. ಕಾರಿನ ಎಡಬಲ ಅಂದರೆ ಡ್ರೈವರ್ ಸೀಟಿನಲ್ಲಿ ಕೂತವರ ಎಡಬಲ. ಈ ಕಸುಬಿಗೆ ಬಂದ ಮೊದಲ ದಿನ ಕಲಿಯುವ ಪಾಠ. ನಾನು ಕಾರಿನ ಎದುರಿಗೆ ನಿಂತು, ನನ್ನ ಎಡಕ್ಕೆ ಕೆಂಪು ಸುತ್ತಿದ್ದೆ. ಹೇಳಬೇಕಿತ್ತು.

"ನನ್ನ ತಪ್ಪು" ಅಂದರು ಅತ್ತಿಗೆ. "ಕೆಳಗೆ ಮಲಗಿ ಸಿಕ್ಸುವಾಗ ಅದಲುಬದಲು ಮಾಡಿದೀನಿ."

ಅಣ್ಣ ಎಲ್ಲರ ಎದುರಿಗೇ ಸಿಡಿದ. "ಎರಡು ವರ್ಷ ಕಲ್ತಿದ್ದು ಇದೇನಾ? ಎಡಬಲ ತಿಳೀದೋರು ಇಂಜಿನ್ ಮುಟ್ಬಾರ್ದು. ಇನ್ಮೇಲೆ ಇಂಜಿನ್ ಕೆಲಸ ಇವನೇ ನೋಡ್ಕೊಳ್ಳಲಿ!" ಅಂತ ನನ್ನತ್ತ ಬೆರಳು ತೋರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲಾದರೂ ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಅದನ್ನೂ ಮಾಡಲಿಲ್ಲ.

ಅತ್ತಿಗೆ ಬಿಸಿ ಪೈಪುಗಳ ಸಂದಿಯಲ್ಲಿ ಕೈ ತೂರಿಸಿ ಪ್ಲಗ್ ಬದಲಾಯಿಸಿದರು. ಮಣಿಕಟ್ಟಿನಲ್ಲಿ ಬೊಬ್ಬೆ ಎದ್ದಿತು. ಮತ್ತೆ ಅದೇ ಪರೀಕ್ಷೆ. ಈ ಸಲ ಎಡದ ಗೆರೆ ಎದ್ದಿತು. ಆಮೇಲಷ್ಟೇ "ಹೂಂ, ಓಡಿಸಿ" ಅಂದರು.

ಮೂರು ಓಟ. ಎರಡೂ ಗೆರೆ ಜೊತೆಜೊತೆಗೇ ನಡೆದವು. ಮುನ್ನೂರ ಹನ್ನೆರಡು ಕುದುರೆ ಶಕ್ತಿ! ಆ ಸದ್ದಿಗೆ ನನ್ನ ಎದೆಗೂಡು ಅದುರಿತು. ಅಣ್ಣ ಅಳುತ್ತಿದ್ದ, ಒರೆಸಿಕೊಳ್ಳಲೂ ಇಲ್ಲ. ಅತ್ತಿಗೆ ಮೂಲೆಯಲ್ಲಿ ನಲ್ಲಿಯ ಕೆಳಗೆ ಕೈ ಹಿಡಿದು, ಅವನನ್ನು ನೋಡಿ ನಗುತ್ತಿದ್ದರು.

ಅದೇ ದಿನ, ಊಟವಾದ ಮೇಲೆ

ಗ್ಯಾರೇಜಿನ ಸಿಂಕಿನ ಹತ್ತಿರ ಸಿಕ್ಕರು.

"ಅತ್ತಿಗೆ, ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಿರ್ಲಿಲ್ಲ, ಅನುಮಾನ ಇತ್ತು. ಕೋಟಿನ ಎಡ ಅಂದ್ರೆ ಹಾಕ್ಕೊಳ್ಳೋರ ಎಡ. ನಾವು ಎದುರಿಗೆ ನಿಂತು ಅಳತೆ ತಗೋತೀವಿ. ಮೊದಲ ವರ್ಷ ನಾಲ್ಕು ಕೋಟಿಗೆ ಜೇಬು ಆ ಕಡೆ ಇಟ್ಟು ಬೈಸ್ಕೊಂಡಿದೀನಿ. ಬುಧವಾರ ನೀನು ಎದುರಿಗೆ ನಿಂತಿದ್ದೆ. ನಿನ್ನೆ ರಾತ್ರಿ ಮಲಗಿದ್ಮೇಲೆ ನೆನಪಾಯ್ತು."

"ಮತ್ತೆ ನಿಮ್ಮ ಮೇಲೆ ಯಾಕೆ ಹಾಕ್ಕೊಂಡ್ರಿ?"

"ನನ್ನ ಮೇಲಿನ ಸಿಟ್ಟು ಊಟದ ಹೊತ್ತಿಗೆ ಇಳಿಯುತ್ತೆ. ನಿನ್ನ ಮೇಲೆ ಬಂದ್ರೆ ಅಣ್ಣತಮ್ಮ ಇಬ್ರೂ ವರ್ಷಗಟ್ಲೆ ಮಾತಾಡಲ್ಲ. ಕಂಡಿಲ್ವಾ ನಾನು?"

ಊಟದ ಹೊತ್ತಿಗೆ ಇಳಿದಿರಲಿಲ್ಲ. ಸೋಮವಾರದಿಂದ ಇಂಜಿನ್ ಕೆಲಸ ನನ್ನದು ಅಂತ ಅಣ್ಣ ಮತ್ತೆ ಹೇಳಿದ್ದ. ಅವರು ತಲೆ ಎತ್ತದೆ ಬಡಿಸಿದ್ದರು. ಈಗ ತಮ್ಮ ಸೀಳು ಸಾಕೆಟ್ ಒರೆಸಿ, ನನ್ನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋದರು.

ಮಾರ್ಚ್ 12, ಭಾನುವಾರ. ಬೆಳಗ್ಗೆ 6.40

ಅಣ್ಣ ಜಗಲಿಯಲ್ಲಿ ಒಬ್ಬನೇ ಕೂತಿದ್ದಾನೆ. ಡೈನೋದವರು ಕೊಟ್ಟ ಹಾಳೆ ತೊಡೆಯ ಮೇಲಿದೆ. ಅತ್ತಿಗೆ ಇನ್ನೂ ಎದ್ದಿಲ್ಲ.

ನಾನು ಕಂಡ ಮೆಕ್ಯಾನಿಕ್‌ಗಳಲ್ಲಿ ಅವರಷ್ಟು ಒಳ್ಳೆಯವರಿಲ್ಲ, ಅಣ್ಣನನ್ನೂ ಸೇರಿಸಿ. ಇಲ್ಲಿ ಬರೆದಿಟ್ಟು ಯಾರಿಗೇನು ಉಪಯೋಗ? ಕೇಳಬೇಕಾದವನು ಹೊರಗೆ ಕೂತಿದ್ದಾನೆ. ಟೇಪು ತಪ್ಪಿ ಸುತ್ತಿದ್ದು ನಾನೇ ಅಂದಮೇಲೆ ವರ್ಷ ಮಾತು ಬಿಟ್ಟರೆ ಬಿಡಲಿ.

ಒಳಗೆ ಬಳೆ ಸದ್ದು. ಎದ್ದರು ಅನ್ನಿಸುತ್ತದೆ. ಅವರು ಹೊರಗೆ ಬಂದರೆ ನನ್ನ ಬಾಯಿ ಮುಚ್ಚಿಸಿಬಿಡುತ್ತಾರೆ, ಅದಕ್ಕೆ ಮೊದಲೇ