ಇಬ್ಬರ ಮಂಚ

ಮಾನ್ಯ ಡಾಕ್ಟರೇ,

ನಿನ್ನೆ ನೀವು ಆರೈಕೆ ಮನೆಯಲ್ಲಿ ನನ್ನ ಅಮ್ಮನನ್ನೂ ದೊಡ್ಡಮ್ಮನನ್ನೂ ಪರೀಕ್ಷಿಸಿದಿರಿ. ಇಬ್ಬರದೂ ಮರೆವಿನ ಕಾಯಿಲೆಯೇ ಆದರೂ ಬಗೆ ಬೇರೆ, ಬೇಕಾದ ಆರೈಕೆಯೂ ಬೇರೆ, ಆದ್ದರಿಂದ ಬೇರೆ ಬೇರೆ ವಾರ್ಡಿಗೆ ಹಾಕಬೇಕು ಎಂದಿರಿ. ನಿಮ್ಮ ಮಾತು ತಪ್ಪಲ್ಲ. ದೊಡ್ಡಮ್ಮನ ಕೈಕಾಲು ಗಟ್ಟಿ, ಆದರೆ ತಂಗಿಯ ಗುರುತೇ ಉಳಿದಿಲ್ಲ. ಅಮ್ಮನಿಗೆ ಮಿದುಳಿಗೆ ರಕ್ತ ಸರಿಯಾಗಿ ಹರಿಯದೆ ಕೈಗಳು ಸ್ವಾಧೀನದಲ್ಲಿಲ್ಲ, ಮಾತೂ ತಡವರಿಸುತ್ತದೆ. ಅಕ್ಕನನ್ನು ಮಾತ್ರ ಮರೆತಿಲ್ಲ.

ನೀವು ಹೋದ ಮೇಲೆ ಊಟ ಬಂತು. ದೊಡ್ಡಮ್ಮ ತಟ್ಟೆಯ ಮುಂದೆ ಏನೂ ತೋಚದೆ ಕೂತಿದ್ದಳು.

"ಅಕ್ಕಾ, ಚಮಚ ತಗೋ" ಎಂದಳು ಅಮ್ಮ.

ದೊಡ್ಡಮ್ಮ ಚಮಚ ಎತ್ತಿ ಮೊದಲ ತುತ್ತನ್ನು ಅಮ್ಮನ ಬಾಯಿಗಿಟ್ಟಳು. ಗಲ್ಲಕ್ಕೆ ಇಳಿದದ್ದನ್ನು ಬೆರಳಿನಿಂದ ಒರೆಸಿದಳು. ಆಮೇಲೆ ನನ್ನತ್ತ ತಿರುಗಿ, "ಯಾರ ಪೈಕಿಯೋ ಏನೋ, ಪಾಪ. ಇವಳಿಗೆ ಹಿಂದುಮುಂದು ಯಾರೂ ಇಲ್ವೇನಮ್ಮಾ?" ಎಂದು ಕೇಳಿದಳು.

"ಅಕ್ಕ ಇದ್ದಾಳೆ" ಎಂದಳು ಅಮ್ಮ.

"ಎಂಥಾ ಅಕ್ಕನೋ! ಒಂದ್ಸಲನಾದ್ರೂ ಬಂದು ನೋಡಬಾರದಾ?" ಎಂದು ಗೊಣಗುತ್ತಾ ದೊಡ್ಡಮ್ಮ ಇನ್ನೊಂದು ತುತ್ತು ಕೊಟ್ಟಳು. ಅಮ್ಮ ಅಳುತ್ತಲೇ ನುಂಗಿದಳು.

ದಯವಿಟ್ಟು ಇಬ್ಬರ ಮಂಚವೂ ಒಂದೇ ಕೋಣೆಯಲ್ಲಿರಲಿ. ನಿರ್ಧರಿಸುವ ಮೊದಲು ಊಟದ ಹೊತ್ತಿಗೆ ಒಮ್ಮೆ ಬನ್ನಿ.

ನಿಮ್ಮ ಉತ್ತರಕ್ಕೆ ಕಾದಿರುವ,
ಆ ಇಬ್ಬರ ಮಗಳು