ಮೀನುದೋಣಿಯ ಮಳೆಕೋಟು

ಲೀಡ್ಸ್, 9 ನವೆಂಬರ್ 1977

ಅಪ್ಪಾ,

ನಾನು ಕ್ಷೇಮ. ಬಿಸ್ಕತ್ ಕಾರ್ಖಾನೆಯವರು ಸೋಮವಾರದವರೆಗೆ ನನ್ನ ಕೆಲಸ ಕಾಯ್ದಿರಿಸಿದ್ದಾರೆಂದು ನೀನು ಬರೆದದ್ದು ತಲುಪಿತು. ಏನು ಉತ್ತರ ಕೊಡಲಿ ಎಂದು ತಿಳಿಯುತ್ತಿಲ್ಲ.

ಪಂಕ್ ಎಂಬ ಹೊಸ ಅಬ್ಬರದ ಸಂಗೀತ ನುಡಿಸುವ ನಮ್ಮ ಬ್ಯಾಂಡಿನ ಮೊದಲ ಮೂರು ಕಾರ್ಯಕ್ರಮಗಳಲ್ಲೂ ನಾನು ಹಾಡಲು ಬಾಯಿ ತೆರೆದ ಕೂಡಲೇ ಜನ ನನ್ನ ಮೇಲೆ ಉಗುಳಿದರು. ನಾನು ಅತ್ತೆ. ಗಿಟಾರ್ ನುಡಿಸುವ ಕ್ಲೈವ್ ನಕ್ಕುಬಿಟ್ಟ. "ಅಳ್ತೀಯಲ್ಲೇ ಪೆದ್ದಿ! ಉಗುಳಿದ್ರೆ ಮೆಚ್ಚಿದ್ರು ಅಂತ ಅರ್ಥ. ಚಪ್ಪಾಳೆ ಬೇಕಿದ್ರೆ ಚರ್ಚಿನಲ್ಲಿ ಹಾಡ್ಕೋ ಹೋಗು."

ನಿನ್ನೆ ಇಲ್ಲಿ ಯಾರೂ ಉಗುಳಲಿಲ್ಲ. ಕೈಕಟ್ಟಿ ನಿಂತು ಕೇಳಿ, ಮರ್ಯಾದೆಯಿಂದ ಚಪ್ಪಾಳೆ ತಟ್ಟಿದರು. "ಮುಗೀತು ನಮ್ಮ ಕಥೆ" ಎಂದು ಕ್ಲೈವ್ ವ್ಯಾನಿನಲ್ಲಿ ಮುಖ ಮುಚ್ಚಿಕೊಂಡು ಕೂತ. ನನಗಾದರೂ ಸಂತೋಷವಾಗಬೇಕಿತ್ತು. ಒಂದು ಹನಿಯೂ ಬೀಳದ ಅಂಗಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಯಾಕೋ ಅಳು ಬಂತು. ಎರಡರಲ್ಲಿ ಯಾವ ಅಳು ನಿಜವೋ ಗೊತ್ತಾಗುತ್ತಿಲ್ಲ.

ಶನಿವಾರ ಶೆಫೀಲ್ಡಿನಲ್ಲಿ ಹಾಡುತ್ತೇವೆ. ಅಲ್ಲಿಯ ಜನ ಉಗುಳುವುದರಲ್ಲಿ ಬಲು ಜೋರಂತೆ. ಕಾರ್ಖಾನೆಯವರಿಗೆ ಏನು ಹೇಳಬೇಕೆಂದು ನೀನೇ ಯೋಚಿಸು. ಆದರೆ ನೀನು ಮೀನುದೋಣಿಗೆ ಹಾಕಿಕೊಂಡು ಹೋಗುತ್ತಿದ್ದ ಹಳದಿ ಮಳೆಕೋಟನ್ನು ಶುಕ್ರವಾರದೊಳಗೆ ತಲುಪುವಂತೆ ಶೆಫೀಲ್ಡಿನ ದೊಡ್ಡ ಅಂಚೆ ಕಚೇರಿಗೆ, ನನ್ನ ಹೆಸರಿಗೆ ಕಳುಹಿಸು. ಟೋಪಿಯನ್ನು ಮರೆಯಬೇಡ.

ನಿನ್ನ ಮಗಳು,
ಗ್ಲೆನಿಸ್