ಆರು ತಿಂಗಳ ಓಣಿ

೪ ಜುಲೈ ೧೯೩೨
ಲಾಜಿಕ್ ನೋಟ್ಸ್ ಅರ್ಧಕ್ಕೇ ನಿಂತಿತು. ಅಮೋಘಪ್ಪ ಕಾಕಾ ಹಾಸ್ಟೆಲಿಗೇ ಬಂದಿದ್ದರು—ಊರ ಹೊರಗಿನ ಚಪ್ಪರದ ಓಣಿಯ ಹಿರಿಯರು. ಓಣಿಯನ್ನು ಮುನ್ಸಿಪಾಲ್ಟಿಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಬೇಕಂತೆ. ನಳ, ಕಂದೀಲು, ರಸ್ತೆ. ಸರ್ಕಾರಿ ಕಚೇರಿಗೆ ಉರ್ದುವಿನಲ್ಲೇ ಆಗಬೇಕು. ಜೊತೆಗೆ ಓಣಿ ಹುಟ್ಟಿದ ಹಕೀಕತ್ತು.
“ದುಂಡಮ್ಮನ ಅಕ್ಕನ ಮಗ ಕಾಲೇಜ ಕಲಿಯಾಕತ್ತಾನ. ಬ್ಯಾರೇದವ್ರ ಕಾಲು ಯಾಕ ಹಿಡೀಬೇಕು?”
ಒಪ್ಪಿದೆ. ಚಿಗವ್ವ ದುಂಡಮ್ಮನ ಮನೆಯೂ ಅಲ್ಲೇ. ನಮ್ಮೂರು ಕಮಲಾಪುರದ ಗಾಡಿ ತಪ್ಪಿದಾಗೆಲ್ಲ ಉಂಡು ಮಲಗಿದ ಮನೆ.

೧೦ ಜುಲೈ, ಸಂಜೆ
ಚಿಗವ್ವ ರೊಟ್ಟಿ ಬಡಿಯುತ್ತ ಹೇಳಿದಳು.
“ಪ್ಲೇಗ್ ಬಂತು. ತಹಸೀಲ್ದಾರ್ ಸಾಹೇಬ್ರು ಕುದರಿ ಮ್ಯಾಲೆ ಕುಂತೇ ಅಂದ್ರು—ಇಲ್ಲಿ ಚಪ್ಪರ ಹಾಕ್ಕೋರಿ, ಆರು ತಿಂಗಳ ಇರ್ರಿ, ಬ್ಯಾನಿ ಹೋದಮ್ಯಾಲೆ ಹೊಳ್ಳಿ ಬರ್ರಿ. ನಿಮ್ಮ ಚಿಗಪ್ಪ ಹೊಳ್ಳಲಿಲ್ಲ, ಇಲ್ಲೇ ಮಣ್ಣಾದ. ನಾನೂ ಹೊಳ್ಳಲಿಲ್ಲ.”
ಇಪ್ಪತ್ತು ವರ್ಷ. ಎಲ್ಲ ಬರೆದುಕೊಂಡೆ.

೧೭ ಜುಲೈ
ಕರಡು ಓದಿ ಹೇಳಿದೆ. ಕಾಕಾ ತಡೆದರು.
“ಆ ಆರು ತಿಂಗಳ ಮಾತು ತಗೀ.”
“ಅದು ಫ್ಯಾಕ್ಟ್ ಅದರೀ.”
“ನಿನ್ನ ಫ್ಯಾಕ್ಟ ಕಾಲೇಜಿನ್ಯಾಗ ಇಡು, ತಮ್ಮಾ.”
ಎಲ್ಲರೂ ನಕ್ಕರು. ಹೂಂ ಎಂದೆ. ಆದರೆ ಫೇರ್ ಕಾಪಿ ಮಾಡುವಾಗ ಅದನ್ನು ತೆಗೆಯಲು ಕೈ ಬರಲಿಲ್ಲ... ಇಡೀ ಅರ್ಜಿಯಲ್ಲಿ ಅದೊಂದೇ ವಾಕ್ಯ ಚೆಂದ ಬಂದಿತ್ತು. ಇಟ್ಟೆ. ಯಾರಿಗೂ ಹೇಳಲಿಲ್ಲ. ಓಣಿಯವರೆಲ್ಲ ಹೆಬ್ಬೆಟ್ಟು ಒತ್ತಿದರು. ಚಿಗವ್ವನೂ.

೨ ಸೆಪ್ಟೆಂಬರ್
ಉತ್ತರವಿಲ್ಲ. ನಿದ್ದೆಯೂ ಇಲ್ಲ. ಜ್ವರವೇ ಎಂದು ವಾರ್ಡನ್ ಕೇಳಿದರು.

೨೩ ಅಕ್ಟೋಬರ್
ಲಕೋಟೆ ಬಂದಿದೆ. ನಾನೇ ಓದಲಿ ಎಂದು ಒಡೆಯದೆ ಇಟ್ಟಿದ್ದರು. ಬೇವಿನ ಕಟ್ಟೆಯ ಸುತ್ತ ಇಡೀ ಓಣಿ. ಚಿಗವ್ವ ಎಲ್ಲರಿಗಿಂತ ಮುಂದೆ.
“ನಳ ಎಲ್ಲಿ ಹಾಕ್ತಾರಂತ, ಅದನ್ನ ಮೊದಲ ಓದಪಾ.”
ಒಂದು ತಿಂಗಳೊಳಗೆ ಜಾಗ ಖಾಲಿ ಮಾಡತಕ್ಕದ್ದು. ಕೆಳಗೆ ಕಾರಣ—‘ಅರ್ಜಿದಾರರೇ ಒಪ್ಪಿರುವಂತೆ, ಆರು ತಿಂಗಳ ಮಟ್ಟಿಗೆ...’ ನನ್ನ ವಾಕ್ಯ. ಒಂದಕ್ಷರವೂ ಬದಲಿಲ್ಲ.
ಖಾಲಿ ಮಾಡಬೇಕಂತೆ, ಎಂದೆ.
“ಯಾಕಂತ?” ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.
ಕಾರಣ ಬರೆದಿಲ್ಲ, ಎಂದೆ.

೨೫ ಅಕ್ಟೋಬರ್
ಚಿಗವ್ವ ಹಾಸ್ಟೆಲ್ ಬಾಗಿಲಿಗೆ ಬಂದಳು. ಬುತ್ತಿ ತಂದಿದ್ದಳು. ಮತ್ತೊಂದು ಅರ್ಜಿ ಹಾಕೋಣ, ಹೆಬ್ಬೆಟ್ಟು ಒತ್ತಲೆಂದೇ ಬಂದೆ ಎಂದಳು. ಇನ್ನೂ ಬರೆದಿಲ್ಲ, ಎಂದೆ.
“ಬರದು ಓದಿ ಹೇಳೂತನಕ ಕತ್ತಲಾಗ್ತದ. ಎಲ್ಲಿ ಒತ್ಲಿ, ಅಷ್ಟ ತೋರಿಸು.”
ಬರಿ ಹಾಳೆಯ ಕೆಳಗೆ ಒತ್ತಿ ಕೊಟ್ಟು ಹೋದಳು.
ಹಾಳೆ ಮುಂದಿದೆ. ಮಸಿ ಒಣಗಿದೆ. ಮೊದಲ ಸಾಲು ಬರೆದೆ: ‘ಹಿಂದಿನ ಅರ್ಜಿಯಲ್ಲಿನ ಆ ಮಾತು ಓಣಿಯವರು ತೆಗೆಯಲು ಹೇಳಿದ್ದು. ಅವರಿಗೆ ತಿಳಿಸದೆ ಉಳಿಸಿದವನು, ಈ ಹೆಬ್ಬೆಟ್ಟಿನವಳ ಅಕ್ಕನ ಮಗ—